ಎದುರು ವಕೀಲನ ವಾದ

ಹಾಸನ

ಪ್ರೀತಿಯ ಮಗಳೇ,

ಸಕಲೇಶಪುರದಿಂದ ನೀನು ಕಳಿಸಿದ ಸೀರಿಯಲ್ ಸ್ಕ್ರಿಪ್ಟನ್ನು ಒಂದೇ ರಾತ್ರಿ ಓದಿ ಮುಗಿಸಿದೆ. ಕಾಫಿ ಹಣ್ಣು ಕೊಯ್ಯುವ ರೋಬೋಟು, ನನ್ನನ್ನು ಗುಜರಿಗೆ ಹಾಕಬೇಡಿ ಅಂತ ಕೋರ್ಟಿಗೆ ಹೋಗುತ್ತದೆ. ಲೈನ್ ಮನೆಯ (ತೋಟದ ಕೂಲಿಯವರ ಸಾಲುಮನೆ) ಹೆಂಗಸರು ಮಳೆಗೆ ಅದರ ಕೈಗೆ ಹಳೇ ಗೋಣಿಚೀಲ ಸುತ್ತುವ ದೃಶ್ಯ ಓದಿ ಕಣ್ಣು ಒದ್ದೆಯಾಯಿತು. ಅದನ್ನು ಬರೆದವಳು ‘ಇನ್ನು ನನ್ನ ಕೈಲಾಗಲ್ಲ’ ಅನ್ನಬಾರದು. ಕಂತು ಎಷ್ಟು ನಿಮಿಷ ಇರಬೇಕು, ಯಾವ ಚಾನೆಲ್‌ಗೆ ಕಳಿಸಬೇಕು ಅನ್ನೋದನ್ನೆಲ್ಲ ಯಾರಾದರೂ ಹೇಳ್ತಾರೆ, ಬಿಡು.

ನನಗೆ ಸಿಟ್ಟು ಬಂದದ್ದು ಕೋರ್ಟಿನ ದೃಶ್ಯಕ್ಕೆ. ತೋಟದ ಸಾಹುಕಾರರ ವಕೀಲ ಬಾಯಿ ತೆರೆದರೆ ಬರೀ ಗಹಗಹಿಸಿ ನಗುತ್ತಾನೆ. ವಾದವೇ ಇಲ್ಲ! ತೀರ್ಪು ಬರೆದಿಟ್ಟುಕೊಂಡು ಆಮೇಲೆ ವಿಚಾರಣೆ ಮಾಡಿದ್ದೀಯ.

1989ರಲ್ಲಿ ಸ್ಟಾರ್ ಟ್ರೆಕ್ ಅನ್ನುವ ಅಮೆರಿಕದ ಟಿವಿ ಸೀರಿಯಲ್‌ನಲ್ಲಿ ‘ದಿ ಮೆಷರ್ ಆಫ್ ಎ ಮ್ಯಾನ್’ ಅನ್ನುವ ಕಂತು ಬಂತು. ಬರೆದವರು ಮೆಲಿಂಡಾ ಸ್ನಾಡ್‌ಗ್ರಾಸ್, ವಕೀಲಿಕೆ ಮಾಡಿದ್ದವರು. ಡೇಟಾ ಅನ್ನುವ ಯಂತ್ರಮಾನವನನ್ನು ಬಿಚ್ಚಿ ನೋಡಬೇಕು ಅಂತ ಒಬ್ಬ ವಿಜ್ಞಾನಿ ಬರುತ್ತಾನೆ. ಡೇಟಾ ಒಪ್ಪಲ್ಲ. ಅವನು ಆಸ್ತಿಯೋ ಅಲ್ಲವೋ ಅನ್ನೋದೇ ವಿಚಾರಣೆ. ಅವನ ವಿರುದ್ಧ ವಾದಿಸುವ ಕೆಲಸ ಬೀಳೋದು ಸ್ನೇಹಿತ ರೈಕರ್‌ಗೆ. ಒಲ್ಲೆ ಅಂದರೆ ಡೇಟಾ ಅಲ್ಲಿಗೇ ಸೋತಂತೆ. ಹಾಗಾಗಿ ರೈಕರ್ ಜೀವ ಹಿಂಡಿಕೊಂಡು ವಾದಿಸುತ್ತಾನೆ. ಗೆಳೆಯನ ಕೈ ಕಳಚಿ ತೋರಿಸುತ್ತಾನೆ. ಕೊನೆಗೆ ಸ್ವಿಚ್ ಒತ್ತುತ್ತಾನೆ, ಡೇಟಾ ಕೂತಲ್ಲೇ ಕುಸಿಯುತ್ತಾನೆ. ಹೌದಲ್ಲ, ಇದು ಬರೀ ಯಂತ್ರ ಅಂತ ನಮಗೂ ಒಂದು ಗಳಿಗೆ ಅನಿಸಿಬಿಡುತ್ತದೆ. ಆಮೇಲೆ ಡೇಟಾ ಗೆಲ್ಲುತ್ತಾನೆ. ಆ ಗೆಲುವಿಗೆ ಬೆಲೆ ಬಂದದ್ದು ಆ ಗಳಿಗೆಯಿಂದ.

1857ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಡ್ರೆಡ್ ಸ್ಕಾಟ್ ಅನ್ನುವ ಗುಲಾಮನಿಗೆ, ನೀನು ಪ್ರಜೆಯಲ್ಲ, ದಾವೆ ಹೂಡುವ ಹಕ್ಕಿಲ್ಲ ಅಂದಿತು. ಅದನ್ನು ಯಾರೂ ಗಹಗಹಿಸಿ ಹೇಳಲಿಲ್ಲ. ಕಾನೂನು ತೋರಿಸಿ, ತಣ್ಣಗೆ ಹೇಳಿದರು.

ನಿನ್ನ ವಕೀಲ ‘ಮನುಷ್ಯರಲ್ಲದವರು ಕೋರ್ಟಿಗೆ ಬರುವಂತಿಲ್ಲ’ ಅನ್ನುತ್ತಾನೆ. ಅದು ತಪ್ಪು. ನಮ್ಮಲ್ಲಿ ಗುಡಿಯ ದೇವರ ಹೆಸರಲ್ಲಿ ಜಮೀನಿರುತ್ತೆ, ದೇವರ ಹೆಸರಲ್ಲೇ ದಾವೆ ನಡೆಯುತ್ತೆ. 2017ರಲ್ಲಿ ಉತ್ತರಾಖಂಡ ಹೈಕೋರ್ಟು ಗಂಗೆ, ಯಮುನೆಯರನ್ನೂ ಕಾನೂನಿನ ಕಣ್ಣಲ್ಲಿ ವ್ಯಕ್ತಿಗಳು ಅಂದಿತ್ತು. ಕೆಲವೇ ತಿಂಗಳಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು, ನಿಜ. ಜಾಣ ವಕೀಲನಾದರೆ ಇಷ್ಟು ಓದಿಕೊಂಡೇ ಬಂದಿರುತ್ತಾನೆ. ‘ದೇವರನ್ನು ಯಾರೂ ಅಂಗಡಿಯಿಂದ ತಂದಿಲ್ಲ ಸ್ವಾಮಿ, ಈ ಯಂತ್ರದ ಬಿಲ್ಲು ನಮ್ಮ ಹತ್ತಿರ ಇದೆ’ ಅನ್ನುತ್ತಾನೆ. ಅದಕ್ಕೆ ಉತ್ತರ ಹುಡುಕು, ಕಷ್ಟಪಡು.

ಇಷ್ಟು ಗದರೋದಕ್ಕೆ ಕಾರಣವಿದೆ. ನಾನೂ ನಿನ್ನ ವಯಸ್ಸಲ್ಲಿ ಲೈನ್ ಮನೆ ಖಾಲಿ ಮಾಡಿಸುವ ಕೇಸಿನ ಮೇಲೆ ನಾಟಕ ಬರೆದೆ. ತೋಟದ ಪರ ವಕೀಲನನ್ನು ರಾಕ್ಷಸನ ಹಾಗೆ ಕುಣಿಸಿದೆ. ಜನ ಶಿಳ್ಳೆ ಹೊಡೆದರು. ನಾಟಕ ಮುಗಿದ ಮೇಲೆ ಒಬ್ಬ ಮುದಿ ವಕೀಲರು ಹತ್ತಿರ ಬಂದು, ‘ಅವನು ಅಷ್ಟು ದಡ್ಡನಾಗಿದ್ದರೆ ಆ ಜನ ಯಾಕಪ್ಪಾ ಸೋಲ್ತಿದ್ರು?’ ಅಂದರು. ಶಿಳ್ಳೆಯ ಸದ್ದಲ್ಲಿ ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಗೇ ಪ್ರಿಂಟಿಗೆ ಕೊಟ್ಟೆ. ನಿಜವಾಗಿ ಮನೆ ಕಳೆದುಕೊಂಡವರು ಹೇಗೆ ಸೋತರು ಅನ್ನೋದು ನನ್ನ ನಾಟಕದಲ್ಲಿ ಇಲ್ಲವೇ ಇಲ್ಲ. ಇವತ್ತಿಗೂ ಆ ಪುಸ್ತಕ ಮುಟ್ಟೋಕೆ ಮನಸ್ಸಾಗಲ್ಲ.

ಒಂದು ದಿನ ಸುಮ್ನೆ ಕೋರ್ಟಿಗೆ ಹೋಗಿ ಹಿಂದಿನ ಬೆಂಚಲ್ಲಿ ಕೂತ್ಕೋ, ಪಾಟಿ ಸವಾಲು ಕೇಳು. ಆಮೇಲೆ ಸಾಹುಕಾರರ ವಕೀಲನ ವಾದ ಅಷ್ಟನ್ನೇ ಬರೆದು ನನಗೆ ಕಳಿಸು. ಗೋಣಿಚೀಲದ ದೃಶ್ಯ ಮಾತ್ರ ಮುಟ್ಟಬೇಡ.