ಮಂಡಈಯ ಅವ್ವನಿಗೆ ನಮಸ್ಕಾರ

ಪುಣೆಯಲ್ಲಿ ನಮ್ಮ ಮರಾಠಿ ಕಲಿಕೆ ಮುಗಿಯಿತು. ಕ್ರೈಸ್ತ ಮಿಷನ್ ಸೇವೆಗಾಗಿ ಮುಂದಿನ ವಾರ ಸಾತಾರಾ ಕಡೆಯ ಹಳ್ಳಿಗೆ ಸಂಸಾರ ಸಮೇತ ಹೊರಟಿದ್ದೇವೆ. ಪಾಠ ಹೇಳಿದ ಗುರುಗಳಿಗೆ ವಂದಿಸಿದ್ದಾಯಿತು. ಇಲ್ಲಿನ ಮಹಾತ್ಮಾ ಫುಲೆ ಮಂಡಈಯಲ್ಲಿ, ಅಂದರೆ ಮಾರುಕಟ್ಟೆಯಲ್ಲಿ, ತರಕಾರಿ ಮಾರುವ, ‘ನನ್ನ ಹೆಸರು ಹಾಕಬೇಡಿ’ ಎಂದ ಅಕ್ಕಲಕೋಟೆ ಕಡೆಯ ಕನ್ನಡ ಬಲ್ಲ ಅವ್ವನಿಗೆ ಮಾತ್ರ ನಾಲ್ಕು ಜನರೆದುರೇ ಧನ್ಯವಾದ ಹೇಳಬೇಕು.

ಮರಾಠಿಯಲ್ಲಿ ಕನ್ನಡಿಗರನ್ನು ಕಾಡುವುದು ಲಿಂಗ. ನಮಗೆ ಜೀವವಿಲ್ಲದ ವಸ್ತುವೆಲ್ಲ ನಪುಂಸಕ. ಅಲ್ಲಿ ಈರುಳ್ಳಿ ಪುಲ್ಲಿಂಗ, ಮೆಂತ್ಯ ಸ್ತ್ರೀಲಿಂಗ, ಬಾಳೆಹಣ್ಣು ನಪುಂಸಕ. ನನ್ನ ಹೆಂಡತಿ ವಾಕ್ಯವನ್ನು ಸರಿಯಾಗಿ ಹೇಳುವವರೆಗೂ ಅವ್ವ ತಕ್ಕಡಿಯನ್ನು ಎತ್ತಿ ಹಿಡಿದೇ ಇರುತ್ತಿದ್ದರು, ಈರುಳ್ಳಿ ಚೀಲಕ್ಕೆ ಬೀಳುತ್ತಿರಲಿಲ್ಲ. ಹಿಂದೆ ನಿಂತ ಗಿರಾಕಿಗಳು ಗೊಣಗಿದರೆ, “ತಡೆಯಿರಿ, ನಮ್ಮ ಕಡೆಯ ಮಗಳು ಕಲಿಯುತ್ತಿದ್ದಾಳೆ” ಎನ್ನುತ್ತಿದ್ದರು. ಅವಳ ಮುಖದಲ್ಲಿ ದಣಿವು ಕಂಡಾಗಷ್ಟೇ ಕನ್ನಡಕ್ಕೆ ತಿರುಗುತ್ತಿದ್ದರು. ನಮ್ಮ ಮಗುವಿನ ಕೈಗೊಂದು ಎಳೆ ಸೌತೆಕಾಯಿ. ಅದಕ್ಕೆ ದುಡ್ಡು ಕೊಡಹೋದರೆ ಸಿಟ್ಟು!

1858ರಲ್ಲಿ ಕನ್ನಡ ನೆಲದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ, ಪುಣೆ ಜಿಲ್ಲೆಯ ಕೇಡಗಾಂವದಲ್ಲಿದ್ದು ಬೈಬಲ್ಲನ್ನು ಮರಾಠಿಗೆ ತಂದರು. ಅವರ ಬದುಕನ್ನು ಓದಿ ಧೈರ್ಯ ತಂದುಕೊಂಡು ಬಂದವರು ನಾವು. ನಾವು ಬೇರೆ ಧರ್ಮದವರೆಂದು ತಿಳಿದಿದ್ದರೂ ಈ ಅವ್ವ ಒಂದು ದಿನವೂ ನಮ್ಮನ್ನು ಹೊರಗಿನವರಂತೆ ಕಾಣಲಿಲ್ಲ.

ಅವ್ವಾ, ಹೊರಡುವ ಮುನ್ನ ಬಂದೇ ಬರುತ್ತೇವೆ. ನೀವು ಕೇಳಿದ್ದ ಧಾರವಾಡ ಪೇಡೆ ಊರಿನಿಂದ ಬಂದಿದೆ.