ಶುಕ್ರವಾರದ ಜನರಲ್ ಬಾಡಿ ಸಭೆಗೆ ಬರುವ ಮುಂಚೆ ಇದನ್ನು ಓದಿ

ಎಲ್ಲರಿಗೂ ನಮಸ್ಕಾರ. ಶುಕ್ರವಾರ ಮಧ್ಯಾಹ್ನ 2 ಗಂಟೆಗೆ ಶಾಲೆಯಲ್ಲಿ ಜನರಲ್ ಬಾಡಿ ಇದೆ, ಹೊಸ ಎಸ್‌ಎಂಸಿ (ಶಾಲಾ ನಿರ್ವಹಣಾ ಸಮಿತಿ) ಆಯ್ಕೆಯೂ ಅದರಲ್ಲೇ.

ಪಿಟಿಎ (ಹೆತ್ತವರ ಮತ್ತು ಅಧ್ಯಾಪಕರ ಸಂಘ) ಇದೆಯಲ್ಲ, ಮತ್ತೆ ಇದು ಯಾಕೆ ಅಂತ ಕೆಲವರು ಕೇಳಿದ್ದೀರಿ. ಎಸ್‌ಎಂಸಿ 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಇರಲೇಬೇಕಾದ ಸಮಿತಿ. ಅದರಲ್ಲಿ ನಾಲ್ಕರಲ್ಲಿ ಮೂರು ಪಾಲು ಮಕ್ಕಳ ಹೆತ್ತವರು ಅಥವಾ ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರು. ಪಂಚಾಯತ್ ಸದಸ್ಯರು, ಅಧ್ಯಾಪಕರೂ ಇರುತ್ತಾರೆ.

ಶಾಲೆ ಹೇಗೆ ನಡೆಯುತ್ತಿದೆ, ಬಂದ ಹಣ ಎಲ್ಲಿ ಖರ್ಚಾಯಿತು ಎಂದು ನೋಡುವುದು ಇದರ ಕೆಲಸ. ಶಾಲೆಯ ಅಭಿವೃದ್ಧಿ ಯೋಜನೆ ಮಾಡುವುದೂ ಇದೇ ಸಮಿತಿ. ಸರ್ಕಾರದ ಅನುದಾನಕ್ಕೆ ಆ ಯೋಜನೆಯೇ ಆಧಾರ, ಹಾಗಾಗಿ ಮುರಿದ ಬೆಂಚು, ಶೌಚಾಲಯ, ಕನ್ನಡ ಪುಸ್ತಕಗಳು, ಎಲ್ಲವನ್ನೂ ಅದರಲ್ಲಿ ಬರೆಸಬೇಕು, ಸುಮ್ನೆ ಹೆಡ್‌ಮಾಸ್ಟರ ಹತ್ತಿರ ಬಾಯಲ್ಲಿ ಹೇಳಿ ಬಂದರೆ ಸಾಲದು. ಕನ್ನಡ ಬಾರದ ಅಧ್ಯಾಪಕರು ಕನ್ನಡ ಮಾಧ್ಯಮಕ್ಕೆ ಬಂದಾಗಲೂ ಅಷ್ಟೇ. ಒಬ್ಬೊಬ್ಬರೇ ದೂರುವುದಕ್ಕಿಂತ ಸಮಿತಿಯ ನಿರ್ಣಯಕ್ಕೆ ತೂಕ ಜಾಸ್ತಿ ಅಲ್ವಾ?

ಎಯ್ಡೆಡ್ (ಸರ್ಕಾರದ ಅನುದಾನ ಪಡೆಯುವ ಖಾಸಗಿ) ಶಾಲೆಯಲ್ಲಿ ಮಕ್ಕಳಿರುವವರಿಗೆ ಒಂದು ಮಾತು: ಅಲ್ಲಿ ಈ ಸಮಿತಿ ಸಲಹೆ ಕೊಡಬಹುದು, ಅಷ್ಟೇ.

ನಡಾವಳಿಯನ್ನು ಕನ್ನಡದಲ್ಲೇ ಬರೆಯಲಿ ಎಂದು ಮೊದಲೇ ಕೇಳೋಣ. ಓದಲಾಗದ್ದಕ್ಕೆ ಯಾರೂ ಸಹಿ ಹಾಕಬೇಡಿ. ತಾಯಂದಿರು ದಯವಿಟ್ಟು ಬನ್ನಿ. ಸದಸ್ಯರಾಗಲು ಮನಸ್ಸಿರುವವರು ಗುರುವಾರದೊಳಗೆ ಇಲ್ಲೇ ಹೆಸರು ಹಾಕಿ.