ಗೀಟನ್ನು ಅಳಿಸಬೇಡ

ಪ್ರಿಯ ತಮ್ಮಾ,

ಮತೀಯ ಹಿಂಸೆಯ ಹಳೆಯ ಸಾಕ್ಷಿಗಳನ್ನು ಡಿಜಿಟಲ್ ಮಾಡಲು ಕೈಹಾಕುವ ಮುಂಚೆ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿರುವ 1641ರ ಹೇಳಿಕೆಗಳನ್ನು ಒಂದು ವಾರ ಕೂತು ಓದು. ಸುಮಾರು 8,000 ಹೇಳಿಕೆ, 31 ಸಂಪುಟ. 2010ರಿಂದ ಪುಟದ ಚಿತ್ರ, ಅಕ್ಷರರೂಪ ಎರಡೂ ಎಲ್ಲರಿಗೂ ತೆರೆದಿವೆ. ಐರ್ಲೆಂಡಿನ ಕ್ಯಾಥೊಲಿಕರು ದಂಗೆಯೆದ್ದಾಗ ಊರುಬಿಟ್ಟು ಬಂದ ಪ್ರೊಟೆಸ್ಟಂಟರು ಹೇಳಿದ್ದೇ ಅದರಲ್ಲಿ ಹೆಚ್ಚು.

ಸಾಮಾನ್ಯವಾಗಿ ಹೇಳಿಕೆ ಶುರುವಾಗುವುದು ಹಸು, ಕುದುರೆ, ಧಾನ್ಯ, ಬರಬೇಕಿದ್ದ ಸಾಲದ ಲೆಕ್ಕದಿಂದ. ಕೊಲೆಯ ಮಾತು ಆಮೇಲೆ. ಹೇಳಿದವರಿಗೆ ಕರುಳಿಲ್ಲ ಅಂದುಕೊಳ್ಳಬೇಡ. 1641ರ ಡಿಸೆಂಬರಿನಲ್ಲಿ ಎಂಟು ಪಾದ್ರಿಗಳ ಆಯೋಗಕ್ಕೆ ವಹಿಸಿದ್ದು ಆಸ್ತಿನಷ್ಟದ ವಿಚಾರಣೆ. ಕೊಲೆಗಳು ಸೇರಿದ್ದು ಮರುತಿಂಗಳು. ಆದ್ದರಿಂದ ಕೇಳಿದವರು ಯಾರು, ಯಾವ ಆದೇಶದ ಮೇಲೆ ಎಂಬುದಕ್ಕೆ ಕಾಲಂ ಇಡು. 1650ರ ದಶಕದಲ್ಲಿ ಕೊಲೆ ಮೊಕದ್ದಮೆಗಳಿಗಾಗಿ ಪಡೆದ ಹೇಳಿಕೆಗಳೂ ಅವೇ ಸಂಪುಟಗಳಲ್ಲಿ ಬೆರೆತಿವೆ. ಅವುಗಳ ಧಾಟಿಯೇ ಬೇರೆ.

ತಾರೀಖಿಗೆ ಎರಡು ಕಾಲಂ ಬೇಕು. ಆಗ ವರ್ಷ ಬದಲಾಗುತ್ತಿದ್ದುದು ಮಾರ್ಚ್ 25ಕ್ಕೆ. ಅವರ 1641ರ ಜನವರಿ ಎಂದರೆ ನಮ್ಮ 1642. ಕಾಗುಣಿತವನ್ನು ತಿದ್ದದೆ ಟೈಪಿಸು, ಊರುಗಳ ಇಂದಿನ ಹೆಸರು ಪ್ರತ್ಯೇಕ ಪದರದಲ್ಲಿರಲಿ.

ಎಲ್ಲರೂ ಎಡವುವುದು ಗೀಟಿನಲ್ಲಿ. ಎಷ್ಟೋ ಸಾಲುಗಳನ್ನು ಹೊಡೆದುಹಾಕಿದ್ದಾರೆ. ಸುಳ್ಳೆಂದು ಹೊಡೆದದ್ದು ಎಂದು ಬಹುಕಾಲ ವಾದಿಸಿದವರಿದ್ದರು. ಆದರೆ ನಕಲು ಮಾಡುವಾಗ ಬೇಡವೆನಿಸಿದ ಭಾಗಕ್ಕೆ, ಎಷ್ಟೋ ಸಲ ಬರೀ ಆಸ್ತಿಪಟ್ಟಿಗೆ, ಗುಮಾಸ್ತರು ಗೀಟೆಳೆದದ್ದೂ ಇದೆ. ಪಠ್ಯಗಳನ್ನು ಕಂಪ್ಯೂಟರಿಗಾಗಿ ಗುರುತುಮಾಡುವ ಟಿ.ಇ.ಐ. ಪದ್ಧತಿಯಲ್ಲಿ ಹೊಡೆದುಹಾಕಿದ ಸಾಲಿಗೆಂದೇ ಇರುವ 'ಡೆಲ್' ಟ್ಯಾಗ್ ಹಾಕಿ ಆ ಸಾಲನ್ನು ಗೀಟಿನ ಸಮೇತ ಓದುವಂತೆ ಉಳಿಸು. ಬಿಟ್ಟರೆ ಗುಮಾಸ್ತನ ಕೆಲಸವನ್ನು ನೀನು ಮುಗಿಸಿಕೊಟ್ಟಂತೆ.

ಕಣ್ಣಾರೆ ಕಂಡದ್ದು, ಕೇಳಿ ತಿಳಿದದ್ದು ಒಂದೇ ವಾಕ್ಯದಲ್ಲಿ ಹೆಣೆದುಕೊಂಡಿರುತ್ತವೆ. 1641ರ ನವೆಂಬರಿನಲ್ಲಿ ಪೋರ್ಟಡೌನ್ ಸೇತುವೆಯಿಂದ ಸುಮಾರು ನೂರು ಮಂದಿಯನ್ನು ನದಿಗೆ ನೂಕಿದ್ದನ್ನು ಹಲವರು ಪ್ರಮಾಣ ಮಾಡಿ ಹೇಳಿದ್ದಾರೆ, ಅವರಲ್ಲಿ ಹೆಚ್ಚಿನವರು ಅಲ್ಲಿರಲಿಲ್ಲ. ಆಮೇಲೆ ನೀರಿನಿಂದೆದ್ದು 'ಸೇಡು' ಎಂದು ಕೂಗಿದ ಹೆಂಗಸಿನ ಭೂತವೂ ಪ್ರಮಾಣದ ಮೇಲೆಯೇ ದಾಖಲಾಗಿದೆ. ಕಂಡದ್ದೋ, ಕೇಳಿದ್ದೋ, ಯಾರ ಬಾಯಿಂದ ಎಂದು ಗುರುತು ಹಾಕದಿದ್ದರೆ, 'ಮುಳುಗಿಸಿದರು' ಎಂದು ಹುಡುಕಿದವನು ಬಂದ ಫಲಿತಾಂಶಗಳನ್ನೇ ಹೆಣದ ಲೆಕ್ಕ ಮಾಡಿಕೊಳ್ಳುತ್ತಾನೆ.

ಇನ್ನು, ಐಲೆಂಡ್‌ಮಗೀಯಲ್ಲಿ ಪ್ರೊಟೆಸ್ಟಂಟರ ಕೈಯಲ್ಲಿ ಕೊಲೆಯಾದ ಕ್ಯಾಥೊಲಿಕರ ಬಗ್ಗೆ ಯಾರಾದರೂ ವಿಚಾರಿಸಿದ್ದು 1653ರಲ್ಲಷ್ಟೇ. ಕ್ಯಾಥೊಲಿಕರು ಹೇಳಿದ ಮಾತು ಇಡೀ ಸಂಗ್ರಹದಲ್ಲಿ ತೀರಾ ಕಡಿಮೆ. ಇದನ್ನು ಪರಿಚಯದ ಪುಟದಲ್ಲಿ ಹೂತಿಡಬೇಡ. ಹುಡುಕುವ ಪೆಟ್ಟಿಗೆಯ ಕೆಳಗೇ ಎರಡು ಸಾಲಿನಲ್ಲಿ ಹಾಕು.